ಗಂಡನ ಬದಲಿ, ಹೆಂಡತಿಯ ಕೆಲಸ

(ನಿಪ್ಪಾಣಿಯ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)



ಕೆಲಸ ಕೇಳಲು ಬಂದ ಹೆಣ್ಣುಮಗಳಿಗೆ ಮಾಲಕರು ಹಾಕುವ ಮೊದಲ ಪ್ರಶ್ನೆ ನಿಮಗೆಲ್ಲ ಗೊತ್ತಿದೆ: "ಏನವಾ, ನಾಕ ಕಡೆ ಕೆಲಸಾ ಬಿಟ್ಟೀಯಲ್ಲ, ಯಾಕ?" ಪ್ರಶ್ನೆಯೊಳಗೆ ಆರೋಪ ಅಡಗಿದೆ. ಆಕೆ ತಲೆ ತಗ್ಗಿಸುತ್ತಾಳೆ. ತಗ್ಗಿಸುವ ಕಾರಣವೇ ಇಲ್ಲವೆಂದು ನಾವು ಹೇಳುತ್ತೇವೆ.

ನಮ್ಮ ಸೀಮೆಯನ್ನೇ ನೋಡಿರಿ. ಗಂಡ ಬಸ್ಸಿನ ಕಂಡಕ್ಟರನಾದರೆ ಇಂದು ಚಿಕ್ಕೋಡಿ, ನಾಳೆ ಅಥಣಿ. ವಿದ್ಯುತ್ ಕಂಪನಿಯವನಾದರೆ ರಾಯಬಾಗದಿಂದ ಕಾಗವಾಡ. ಸಕ್ಕರೆ ಕಾರಖಾನೆಯ ಹಂಗಾಮಿ ಕೆಲಸಗಾರನಾದರೆ ಕಬ್ಬು ನುರಿಸುವುದು ನಿಂತೊಡನೆ ಬೇರೆ ಊರು. ನಿಪ್ಪಾಣಿಯಲ್ಲಿ ಬೀಡಿ ಕಟ್ಟುತ್ತಿದ್ದ ಹೆಂಡತಿ ಅಥಣಿಯಲ್ಲಿ ಅಂಗಡಿಯ ಕೆಲಸ ಹುಡುಕಬೇಕು. ಪ್ರತಿ ಊರಲ್ಲಿಯೂ ತೀರ ಕೆಳಗಿನ ಪಗಾರದಿಂದ ಶುರು ಮಾಡಬೇಕು.

ನೌಕರಿಯಲ್ಲಿರುವ ಗಂಡ ಹೆಂಡಿರನ್ನು ಸಾಧ್ಯವಿದ್ದ ಮಟ್ಟಿಗೆ ಒಂದೇ ಊರಲ್ಲಿಡಬೇಕೆಂದು ಕೇಂದ್ರ ಸರಕಾರ ತನ್ನ ಇಲಾಖೆಗಳಿಗೆ 1986ರಲ್ಲಿ, ಮತ್ತೆ 2009ರಲ್ಲಿ ಸೂಚನೆ ಕೊಟ್ಟಿತು. ಒಳ್ಳೆಯದೇ. ಆದರೆ ಬೀಡಿ ಕಟ್ಟುವವಳಿಗೆ ಇಂಥ ಸೂಚನೆ ಹೊರಡಿಸಿದವರು ಯಾರು?

ನಷ್ಟ ಬರಿಯ ಪಗಾರದ್ದಲ್ಲ. ಹೆರಿಗೆ ಭತ್ಯಕ್ಕೆ ಹೆರಿಗೆಯ ಹಿಂದಿನ ಹನ್ನೆರಡು ತಿಂಗಳಲ್ಲಿ ಅದೇ ಮಾಲಕನ ಕಡೆ 80 ದಿನ ದುಡಿದಿರಬೇಕೆಂದು 1961ರ ಕಾನೂನು ಹೇಳಿತು. 2020ರ ಸಂಹಿತೆಯೂ ಅದನ್ನೇ ಉಳಿಸಿಕೊಂಡಿತು. 1972ರ ಗ್ರಾಚ್ಯುಯಿಟಿ ಕಾನೂನು ಸಾಮಾನ್ಯವಾಗಿ ಒಂದೇ ಕಡೆ ಐದು ವರ್ಷದ ಸತತ ಸೇವೆ ಕೇಳಿತು. ಎರಡೆರಡು ವರ್ಷಕ್ಕೆ ಊರು ಬಿಡುವವಳು ಹತ್ತು ವರ್ಷ ದುಡಿದರೂ ಬರಿಗೈ!

ಆದುದರಿಂದ ತಾಯಂದಿರೇ, ಮೂರು ಮಾತು ನೆನಪಿಡಿರಿ. ಒಂದು, ಕೆಲಸ ಬಿಡುವಾಗ ಸೇರಿದ ತಾರೀಖು, ಬಿಟ್ಟ ತಾರೀಖು ಬರೆದ ಚೀಟಿಯನ್ನು ಸಹಿ ಸಮೇತ ಪಡೆಯಿರಿ. ಎರಡು, ಭವಿಷ್ಯನಿಧಿಯ ಖಾತೆ ಇದ್ದವರು ಊರು ಬಿಟ್ಟಾಗಲೆಲ್ಲ ಹಣ ತೆಗೆಯಬೇಡಿರಿ. ಬೀಡಿ ಕೆಲಸಕ್ಕೆ ಈ ನಿಧಿ ಬಂದದ್ದು 1977ರಲ್ಲಿ. 2014ರಿಂದ ಕೆಲಸಗಾರನಿಗೆ ಒಂದೇ ನಂಬರು. ಗಡಿ ದಾಟಿ ಮೀರಜಿಗೆ ಹೋದರೂ ನಂಬರು ಅದೇ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು; ನಡುವೆ ಪಿಂಚಣಿಯ ಹಣ ತೆಗೆದರೆ ಹಿಂದಿನ ವರ್ಷಗಳು ಲೆಕ್ಕದಿಂದ ಹೋಗುತ್ತವೆ, ಖಾತೆ ವರ್ಗ ಮಾಡಿಸಿದರೆ ಕೂಡುತ್ತವೆ. ಮೂರು, ಪ್ರಶ್ನೆಗೆ ನೇರ ಉತ್ತರ ಕೊಡಿರಿ: "ನಮ್ಮ ಮನೆಯವರದು ಬದಲಿ ಆತ್ರಿ, ಅದಕ್ಕ ಬಿಟ್ಟೆನ್ರಿ. ಕೆಲಸದಾಗ ತಕರಾರು ಇರಲಿಲ್ಲ. ಚೀಟಿ ನೋಡ್ರಿ." ಅಷ್ಟು ಸಾಕು. ಇಲ್ಲದ ಭರವಸೆ ಕೊಡಬೇಡಿರಿ.

ವ್ಯಾಪಾರಿ ಬಂಧುಗಳೇ, ನಾಲ್ಕು ಅಂಗಡಿಯ ಲೆಕ್ಕ ಬಲ್ಲವಳು ನಿಮಗೆ ಲಾಭವೇ ಹೊರತು ಹೊರೆಯಲ್ಲ. ಎಷ್ಟು ಕಡೆ ಬಿಟ್ಟಳೆಂದು ಕೇಳುವ ಮೊದಲು ಏನು ಬಲ್ಲಳೆಂದು ಕೇಳಿರಿ. ಗಂಡಸರೇ, ಬದಲಿ ಕೇಳುವ ಅರ್ಜಿಗೆ ಸಹಿ ಹಾಕುವ ಮುಂಚೆ ಮನೆಯಲ್ಲಿ ಒಂದು ಮಾತು ಕೇಳಿರಿ. ಅಲ್ಲಿಯೂ ಒಬ್ಬ ಕಾರ್ಮಿಕಳಿದ್ದಾಳೆ.

ಸರಕಾರಕ್ಕೆ ನಮ್ಮ ಬೇಡಿಕೆ ಒಂದೇ: ಮಾಲಕ ಬದಲಾದರೂ ದುಡಿದ ದಿನಗಳು ಅಳಿಯಬಾರದು. ಹೆರಿಗೆ ಭತ್ಯಕ್ಕೂ ಗ್ರಾಚ್ಯುಯಿಟಿಗೂ ಎಲ್ಲ ಊರುಗಳ ಸೇವೆಯನ್ನು ಕೂಡಿಸಿ ಎಣಿಸಬೇಕು. ಭವಿಷ್ಯನಿಧಿಯಲ್ಲಿ ಆಗುವುದು ಇಲ್ಲಿ ಏಕೆ ಆಗಬಾರದು?