ಗಣಕದ ಉತ್ತರವನ್ನು ಒರೆಗೆ ಹಚ್ಚಿ

ಶಾಲೆಯ ಗಣಕದಲ್ಲಿ ಪೈಥಾನ್ ಭಾಷೆ ಬಳಸಿ 0.1ಕ್ಕೆ 0.2 ಕೂಡಿಸಿ ನೋಡಿ. ಬರುವ ಉತ್ತರ 0.30000000000000004! ಏಕೆ? ಗಣಕದ ಲೆಕ್ಕವೆಲ್ಲ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ. ಹತ್ತರಲ್ಲೊಂದು ಭಾಗವನ್ನು ಆ ಅಂಕಿಗಳಲ್ಲಿ ಕರಾರುವಾಕ್ಕಾಗಿ ಬರೆಯಲಾಗದು.

1991ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಕಾಲವನ್ನು ಎಣಿಸುತ್ತಿದ್ದುದು ಸೆಕೆಂಡಿನ ಹತ್ತರಲ್ಲೊಂದು ಭಾಗದ ಲೆಕ್ಕದಲ್ಲಿ. ಸುಮಾರು 100 ಗಂಟೆಗಳಲ್ಲಿ ಇಂಥದೇ ಕಿರುದೋಷ ಬೆಳೆದು ಸೆಕೆಂಡಿನ ಮೂರನೆಯ ಒಂದು ಭಾಗವಾಯಿತು. ಎದುರಾಳಿಯ ಕ್ಷಿಪಣಿ ತಪ್ಪಿಸಿಕೊಂಡಿತು. 28 ಸೈನಿಕರು ಮಡಿದರು.

ಮುಂದೆ ಕಾಲೇಜಿನ ಪ್ರಯೋಗಾಲಯದಲ್ಲಿ ಉತ್ತರ ಕೊಡುವುದು ಗಣಕ. ಅದನ್ನು ಪರೀಕ್ಷಿಸಬೇಕಾದವರು ನೀವು. ಪ್ರೋಗ್ರಾಮನ್ನು ಬಾಯಿಪಾಠ ಮಾಡಿ ಪರೀಕ್ಷೆ ದಾಟಬಹುದು. ಆದರೆ ವಿಜ್ಞಾನ, ಎಂಜಿನಿಯರಿಂಗ್ ವ್ಯಾಸಂಗಕ್ಕೆ ಬುತ್ತಿಯಾಗುವುದು ‘ಏಕೆ’ ಎಂದು ಕೇಳುವ ಅಭ್ಯಾಸ. ಅದನ್ನು ಶಾಲೆಯಲ್ಲೇ ಕಟ್ಟಿಕೊಳ್ಳಿ.