ಕೀಳುವ ಧೈರ್ಯ, ನೆಡುವ ಗುರಿ



ತಾನೇ ನೆಟ್ಟು ಸಾಕಿದ ಗಿಡವನ್ನು ತನ್ನ ಕೈಯಿಂದಲೇ ಕಿತ್ತು ಸುಡುವುದು ಬೆಳೆಗಾರನಿಗೆ ಬಲು ಕಠಿಣವಾದ ಕೆಲಸ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗದ ಅರೇಬಿಕ ತೋಟಕ್ಕೆ ಬಿಳಿ ಕಾಂಡಕೊರಕ, ಅಂದರೆ ಬೋರರ್ ಹುಳು, ಹೊಕ್ಕಾಗ ಈ ಕೆಲಸ ಮಾಡಲೇಬೇಕಾಗುತ್ತದೆ. ಮರಿಹುಳು ಕಾಂಡದ ಒಳಗೆ ಕೊರೆಯುತ್ತಿರುವುದರಿಂದ ಮೇಲೆ ಹೊಡೆದ ಔಷಧಿ ಅದಕ್ಕೆ ತಲುಪುವುದಿಲ್ಲ.

"ಈ ವರ್ಷದ ಫಸಲು ಕೈಗೆ ಬರಲಿ, ಆಮೇಲೆ ನೋಡೋಣ" ಎನ್ನುವವರುಂಟು. ಸಾಲದ ಕಂತು, ಮಕ್ಕಳ ಓದಿನ ಖರ್ಚು ಕಣ್ಣೆದುರಿಗಿರುವಾಗ ಹಾಗೆನ್ನಿಸುವುದು ಸಹಜ. ಆದರೆ ಬಿಟ್ಟ ಗಿಡದಿಂದ ಹೊರಬಂದ ದುಂಬಿ ಸುತ್ತಲಿನ ಗಿಡಗಳ ತೊಗಟೆಯ ಸೀಳಿನಲ್ಲಿ ಮೊಟ್ಟೆಯಿಡುತ್ತದೆ. ಉಗುರಿನಲ್ಲಿ ಹೋಗುವುದಕ್ಕೆ ಆಗ ಕೊಡಲಿಯೇ ಬೇಕಾಗುತ್ತದೆ.

ಈ ನಾಡಿನ ಕಾಫಿಗೆ ಇಂತಹ ಕಷ್ಟ ಹೊಸದಲ್ಲ. 1860 ಮತ್ತು 1870ರ ದಶಕಗಳಲ್ಲಿ ಬೋರರ್ ಹಾಗೂ ಎಲೆ ತುಕ್ಕು ರೋಗದಿಂದ 'ಚಿಕ್' ಎಂಬ ಹಳೆಯ ತಳಿಯ ತೋಟಗಳು ಹಾಳಾದವು. ಅದೇ ತುಕ್ಕಿಗೆ ಸೋತ ಸಿಂಹಳದ ತೋಟಗಾರರು ಕಾಫಿ ಬಿಟ್ಟು ಚಹಾ ನೆಟ್ಟರು. ಇಲ್ಲಿಯವರು ತಳಿ ಬದಲಿಸಿ ಕಾಫಿಯನ್ನೇ ಉಳಿಸಿಕೊಂಡರು. 1911ರಲ್ಲಿ ಕೆಂಟ್ ಎಂಬ ತೋಟಗಾರರು ತುಕ್ಕಿಗೆ ಜಗ್ಗದ ಗಿಡವೊಂದನ್ನು ಗುರುತಿಸಿದರು. ಅದರಿಂದ 'ಕೆಂಟ್ಸ್' ತಳಿ ಬಂತು. ಮುಂದೆ ಅದಕ್ಕೂ ತುಕ್ಕು ತಗುಲಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾದ ಸಂಶೋಧನಾ ಕೇಂದ್ರವು ಕೆಂಟ್ಸ್‌ನೊಡನೆ ಎಸ್.288 ತಳಿಯನ್ನು ಸಂಕರಿಸಿ, 1940ರ ದಶಕದಲ್ಲಿ ಎಸ್.795 ತಳಿಯನ್ನು ಕೊಟ್ಟಿತು. ಒಂದೊಂದು ಸೋಲಿನ ನಂತರವೂ ಮುಂದೇನು ನೆಡಬೇಕೆಂದು ಯೋಚಿಸಿದವರಿಂದಲೇ ತೋಟ ಉಳಿಯಿತು.

ಬೆಳೆಗಾರರು ಈಗ ಮಾಡಬೇಕಾದ್ದು ಇಷ್ಟು. ದುಂಬಿ ಹಾರುವುದು ಏಪ್ರಿಲ್-ಮೇ ಹಾಗೂ ಅಕ್ಟೋಬರ್‌ನಿಂದ ಡಿಸೆಂಬರ್ ಅವಧಿಯಲ್ಲಿ. ಆದ್ದರಿಂದ ಮಾರ್ಚ್ ಮತ್ತು ಸೆಪ್ಟೆಂಬರ್‌ನಲ್ಲಿ ಸಾಲು ಸಾಲಾಗಿ ಗಿಡ ಪರೀಕ್ಷಿಸಬೇಕು. ಕಾಂಡದ ಮೇಲೆ ಉಬ್ಬಿದ ಗೆರೆ, ಹಳದಿಯಾಗಿ ಬಾಡಿದ ಎಲೆ ಕಂಡರೆ ಗಿಡವನ್ನು ಬುಡಸಮೇತ ಕಿತ್ತು ಸುಡತಕ್ಕದ್ದು. ಸೌದೆಗೆಂದು ಮನೆಯ ಹಿಂದೆ ಒಟ್ಟಿದರೆ ದುಂಬಿ ಅಲ್ಲಿಂದಲೇ ಹೊರಡುತ್ತದೆ. ಉಳಿದ ಗಿಡಗಳ ಸಡಿಲ ತೊಗಟೆಯನ್ನು ತೆಂಗಿನ ಸಿಪ್ಪೆಯಿಂದ ಉಜ್ಜಿ ತೆಗೆಯಬೇಕು. ಈ ಹುಳು ಬಿಸಿಲು ಬೀಳುವ ಗಿಡವನ್ನೇ ಹುಡುಕುವುದರಿಂದ ನೆರಳು ಹದವಾಗಿರಬೇಕು.

ಹುಳು ಬಿದ್ದ ಸಂಗತಿಯನ್ನು ನಾಚಿಕೆಯಿಂದ ಮುಚ್ಚಿಡಬಾರದು. ದುಂಬಿಗೆ ಬೇಲಿಯ ಲೆಕ್ಕವಿಲ್ಲ. ಅಕ್ಕಪಕ್ಕದವರು ಒಟ್ಟಿಗೆ ಕಿತ್ತರೆ ಮಾತ್ರ ಫಲವುಂಟು.

ಕೀಳುವ ಮೊದಲೇ ಮನೆಯವರೆಲ್ಲ ಕುಳಿತು ಗುಂಡಿಗೆ ಯಾವ ಸಸಿ ಎಂಬುದನ್ನು ನಿಶ್ಚಯಿಸಬೇಕು. ಹೊಸ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗಿನ ಖರ್ಚಿಗೆ ನೆರಳು ಮರಗಳ ಮೇಲಿನ ಮೆಣಸಿನ ಬಳ್ಳಿ, ತೋಟದ ಬಾಳೆ ಆಸರೆಯಾಗಬಲ್ಲವು. ಇಡೀ ತೋಟವನ್ನು ಒಮ್ಮೆಗೇ ಬದಲಿಸಬೇಕಾಗಿಲ್ಲ. ಕಿತ್ತಷ್ಟು ಜಾಗ ತುಂಬುತ್ತ ಬಂದರೆ ಸಾಕು.

ನಷ್ಟವನ್ನು ಸಹಿಸಿ ಸುಮ್ಮನಿರುವುದಷ್ಟೇ ಧೈರ್ಯವಲ್ಲ. ನಷ್ಟವನ್ನು ಹೊತ್ತಿಗೆ ಸರಿಯಾಗಿ ಕಂಡು, ಕೈಯಲ್ಲಿ ಸಸಿ ಹಿಡಿದೇ ಗಿಡ ಕೀಳುವುದು ಧೈರ್ಯ. ಮುಂದಿನ ಮುಂಗಾರಿಗೆ ಎಲ್ಲರ ಗುಂಡಿಗಳೂ ಸಿದ್ಧವಾಗಿರಲಿ.