ಹೈಸ್ಕೂಲು ಮಕ್ಕಳ ಪಠ್ಯೇತರ ಚಟುವಟಿಕೆ: ಯಾವುದು ಉಪಯುಕ್ತ?

(ಹಾಲು ಉತ್ಪಾದಕರ ಸಹಕಾರ ಸಂಘದ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಕೆಚ್ಚಲು ಬಾವು, ಹಸಿರು ಮೇವಿನ ವಿಷಯ ಇವತ್ತು ಬದಿಗಿರಲಿ. ಶಿಬಿರಗಳಿಗೆ ಹೋದಾಗ ನೀವು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದಿದೆ: "ಸಾರ್, ಮಗಳು ಎಂಟನೇ ಕ್ಲಾಸು. ಪಾಠದ ಜೊತೆಗೆ ಇನ್ನೇನಕ್ಕೆ ಸೇರಿಸಿದರೆ ಮುಂದೆ ಕಾಲೇಜು ಸೀಟಿಗೆ ಅನುಕೂಲ?"

ಮೊದಲು ಒಂದು ಮಾತು ಸ್ಪಷ್ಟವಾಗಲಿ. ನಮ್ಮ ರಾಜ್ಯದಲ್ಲಿ ವೃತ್ತಿ ಶಿಕ್ಷಣದ ಸೀಟು ಮುಖ್ಯವಾಗಿ ನಿರ್ಧಾರವಾಗುವುದು ಅಂಕಗಳ ಮೇಲೆ. ಇಂಜಿನಿಯರಿಂಗಿಗೆ ಪಿಯುಸಿ ಮತ್ತು ಸಿಇಟಿ, ವೈದ್ಯಕೀಯಕ್ಕೆ ನೀಟ್. ಗೋಡೆಗೆ ತೂಗುಹಾಕಿದ ಹತ್ತು ಪ್ರಶಸ್ತಿ ಪತ್ರಗಳಿಂದ ಅಲ್ಲಿ ಒಂದು ಅಂಕವೂ ಹೆಚ್ಚುವುದಿಲ್ಲ. ಹಣ ಕಟ್ಟಿದವರಿಗೆಲ್ಲ ಪದಕ ಕೊಡುವ ಸ್ಪರ್ಧೆಗಳಿಗೆ ಹಾಲಿನ ಬಟವಾಡೆ ಹಣ ಸುರಿಯಬೇಡಿ.

ಹಾಗಾದರೆ ಚಟುವಟಿಕೆ ಎಲ್ಲಿ ಲೆಕ್ಕಕ್ಕೆ ಬರುತ್ತದೆ?

ಒಂದು, ಕೃಷಿಕರ ಕೋಟಾ. ಕೃಷಿ, ತೋಟಗಾರಿಕೆ, ಪಶುವೈದ್ಯಕೀಯ ಮುಂತಾದ ಪದವಿಗಳಲ್ಲಿ ರೈತರ ಮಕ್ಕಳಿಗೆ ಸೀಟು ಮೀಸಲಿದೆ. ಇದಕ್ಕೆ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಬೀಜ, ಬೆಳೆ, ಗೊಬ್ಬರ, ಉಪಕರಣಗಳ ಪರಿಚಯ ಮಗುವಿಗೆ ಇರಬೇಕು. ಪಹಣಿ ತಂದೆಯ ಹೆಸರಿನಲ್ಲಿದ್ದರೆ ಸಾಲದು, ಬೇಸಾಯದ ತಿಳಿವಳಿಕೆ ಮಗುವಿಗೇ ಬೇಕು. ಓದಲೆಂದು ಮಕ್ಕಳನ್ನು ಹೊಲ, ಕೊಟ್ಟಿಗೆಯಿಂದ ಪೂರ್ತಿ ದೂರ ಇಟ್ಟವರು ಇಲ್ಲೇ ಸೋಲುತ್ತಾರೆ.

ಎರಡು, ಎನ್‌ಸಿಸಿ, ಕ್ರೀಡೆ, ಸ್ಕೌಟ್ಸ್ ಮತ್ತು ಗೈಡ್ಸ್. ಸಿಇಟಿ ಪ್ರವೇಶದಲ್ಲಿ ಇವುಗಳಿಗೆ ವಿಶೇಷ ವರ್ಗದ ಸೀಟುಗಳಿವೆ. ಸಂಖ್ಯೆ ಕಡಿಮೆ, ಪೈಪೋಟಿ ಹೆಚ್ಚು. ಹೈಸ್ಕೂಲಿನಲ್ಲಿ ಎರಡು ವರ್ಷ ಎನ್‌ಸಿಸಿ ಮುಗಿಸಿದವರು 'ಎ' ಸರ್ಟಿಫಿಕೇಟ್ ಪರೀಕ್ಷೆಗೆ ಕೂರಬಹುದು. ಹೆಣ್ಣುಮಕ್ಕಳಿಗೂ ಅವಕಾಶವಿದೆ. ನಿಮ್ಮ ಶಾಲೆಯಲ್ಲಿ ಏನೇನಿದೆ ಎಂದು ಮುಖ್ಯೋಪಾಧ್ಯಾಯರನ್ನು ಎಂಟನೇ ತರಗತಿಯಲ್ಲೇ ಕೇಳಿ.

ಇದರ ಜೊತೆಗೆ, ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಾತಿ ಇದೆ. ಇದು ಚಟುವಟಿಕೆಯಲ್ಲ, ಆದರೂ ಅದರ ವ್ಯಾಸಂಗ ಪ್ರಮಾಣಪತ್ರವನ್ನು ಜೋಪಾನ ಮಾಡಿ.

ಇನ್ನು ಆಯ್ಕೆ ಹೇಗೆ? ಐದಾರು ಕಡೆ ಕೈ ಹಾಕುವುದಕ್ಕಿಂತ ಒಂದನ್ನು ಹಿಡಿದು ಮೂರು ವರ್ಷ ಮಾಡಲಿ. ಮಗುವಿಗೆ ಇಷ್ಟ ಇರಬೇಕು, ಓದಿಗೆ ತೊಂದರೆ ಆಗಬಾರದು, ಏನಾದರೂ ಕಲಿತ ಗುರುತು ಉಳಿಯಬೇಕು. ಸಂದರ್ಶನ ನಡೆಸಿ ಆರಿಸುವ ಕಾಲೇಜುಗಳಲ್ಲಿ "ಏನು ಮಾಡಿದೆ, ಏನು ಕಲಿತೆ?" ಎಂದು ಕೇಳಿದಾಗ ಬಾಯಿಪಾಠ ನಿಲ್ಲುವುದಿಲ್ಲ, ಮಾಡಿದ ಕೆಲಸ ನಿಲ್ಲುತ್ತದೆ.

ಖರ್ಚಿಲ್ಲದ ಒಂದು ಚಟುವಟಿಕೆ ನಿಮ್ಮ ಕೊಟ್ಟಿಗೆಯಲ್ಲೇ ಇದೆ. ಮಗುವಿಗೆ ಒಂದು ನೋಟ್‌ಬುಕ್ ಕೊಡಿ. ಒಂದು ಹಸುವಿನ ಬೆಳಿಗ್ಗೆ-ಸಂಜೆ ಹಾಲು ಎಷ್ಟು, ಹಿಂಡಿ ಎಷ್ಟು, ಹಸಿರು ಮೇವು ಎಷ್ಟು, ಬೆದೆಗೆ ಬಂದ ದಿನ, ಕೃತಕ ಗರ್ಭಧಾರಣೆ ಮಾಡಿಸಿದ ದಿನ ಬರೆಯಲಿ. ಸುಮಾರು 21 ದಿನಕ್ಕೆ ಮತ್ತೆ ಬೆದೆಗೆ ಬಂತೇ ಎಂದು ನೋಡಲಿ. ಗರ್ಭ ನಿಂತಿದ್ದರೆ ಸುಮಾರು 280 ದಿನಕ್ಕೆ ಕರು ಹಾಕುವ ದಿನವನ್ನು ತಾನೇ ಲೆಕ್ಕ ಹಾಕಲಿ. ಕರುವಿನ ಎದೆ ಸುತ್ತಳತೆಯನ್ನು ವಾರಕ್ಕೊಮ್ಮೆ ಟೇಪಿನಿಂದ ಅಳೆದು ನಕ್ಷೆ ಬರೆಯಲಿ. ಮೇವು ಬದಲಾದಾಗ ಹಾಲು, ಫ್ಯಾಟ್ ಏನಾಯಿತು ಎಂದು ಹೋಲಿಸಿದರೆ ಅದೇ ಒಂದು ವಿಜ್ಞಾನ ಪ್ರಾಜೆಕ್ಟು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ಬಯಸುವುದು ಇಂಥ ಸ್ಥಳೀಯ ಅಧ್ಯಯನವನ್ನೇ. ಆ ಪುಸ್ತಕದಿಂದ ನಿಮ್ಮ ಹಸುವಿಗೂ ಲಾಭ. ಬೆದೆ ತಪ್ಪುವುದು ಕಡಿಮೆಯಾಗುತ್ತದೆ.

ಆದರೆ ಎಚ್ಚರ. ಕಲಿಕೆ ಬೇರೆ, ದುಡಿಮೆ ಬೇರೆ. ಮಗ ಕ್ರಿಕೆಟ್ಟಿಗೆ ಹೋಗಿ, ಮಗಳು ದಿನಾ ಸಗಣಿ ಬಾಚಿ, ಹುಲ್ಲು ಹೊತ್ತು ಬಂದು ಕ್ಲಾಸಿನಲ್ಲಿ ತೂಕಡಿಸಿದರೆ ಅದನ್ನು ಪಠ್ಯೇತರ ಚಟುವಟಿಕೆ ಎನ್ನಲಾಗದು. ಕೆಲಸ ಹಂಚಿ. ಅವಳಿಗೂ ಸಂಜೆ ಒಂದು ಗಂಟೆ ಮೈದಾನಕ್ಕೋ ಗ್ರಂಥಾಲಯಕ್ಕೋ ಬಿಡುವು ಕೊಡಿ. ಹಾಲು ಕರೆಯುವ ಹೊತ್ತಿಗೆ ಪರೇಡು ಬಂದರೆ ಆ ದಿನ ನೀವೇ ಕರೆಯಿರಿ.

ಕೊನೆಯದಾಗಿ, ಪ್ರವೇಶ ನಿಯಮಗಳು ವರ್ಷ ವರ್ಷ ಬದಲಾಗುತ್ತವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದದೆ ಅರ್ಜಿ ಹಾಕಬೇಡಿ. ಕೃಷಿಕರ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರಗಳಿಗೆ ಕೊನೆಯ ದಿನದವರೆಗೆ ಕಾಯಬೇಡಿ. ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ನಾಳೆಯೇ ಒಂದು ನೋಟ್‌ಬುಕ್ ತನ್ನಿ. ಮುಂದಿನ ಶಿಬಿರಕ್ಕೆ ನಾನು ಬಂದಾಗ ಹಸುವಿನ ಜೊತೆ ಆ ಪುಸ್ತಕವನ್ನೂ ತೋರಿಸಿ, ಸಂತೋಷದಿಂದ ನೋಡುತ್ತೇನೆ.